ಅಂಡಮಾನಿನ ಮನೆಗೆ ಕುಬೇರಪ್ಪನವರ ವಕಾಲತ್ತು

ಸುನೀತಾಗೆ ಪೋರ್ಟ್ ಬ್ಲೇರ್‌ಗೆ ವರ್ಗವಾಯಿತು. ವಿಮಾ ಕಚೇರಿಯ ಕೆಲಸ. ಬಡ್ತಿ ಬೇಕಿದ್ದರೆ ಮೂರು ವರ್ಷ ಅಂಡಮಾನಿನಲ್ಲಿರಬೇಕು. ಗಂಡ ಪರಶುರಾಮ ಹರಿಹರದ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಸಮುದ್ರದ ಆಸೆಗೆ ಮರುದಿನವೇ ರಾಜೀನಾಮೆ ಕೊಟ್ಟು ಬಂದ. ಸುನೀತಾಗೆ ಮಾತ್ರ ಬಾಡಿಗೆಯದೇ ಚಿಂತೆ. ಅಲ್ಲಿ ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ, ಸೆಕೆಗೆ ಎ.ಸಿ. ಹಾಕಿದರೆ ಕರೆಂಟ್ ಬಿಲ್ಲೇ ಇನ್ನೊಂದು ಬಾಡಿಗೆ ಎಂದು ಅಲ್ಲಿದ್ದು ಬಂದವರು ಹೆದರಿಸಿದ್ದರು.

ಫೋಟೋ ನೋಡಿ ಒಂದು ಮನೆ ಹಿಡಿಸಿತು. ಒಡತಿ ಮಾಲತಿ ಹಾಲ್ದಾರ್ ಎಂಬ ಬಂಗಾಳಿ ಹೆಂಗಸು. ಹದಿನೆಂಟು ಸಾವಿರ ಬಾಡಿಗೆ. ನೀರು, ಕರೆಂಟಿನ ಮಾತು ಆಮೇಲೆ ಎಂದಿದ್ದಳು.

"ಆಮೇಲೆ ಅಂದ್ರೆ ನಮ್ಮ ಸಾಮಾನು ಹಡಗು ಹತ್ತಿದ ಮೇಲೆ," ಎಂದಳು ಸುನೀತಾ.

"ಕೆಳಗೆ ಕುಬೇರಪ್ಪ ಅದಾರಲ್ಲ, ಅವರನ್ನ ಮಾತಿಗೆ ಕೂಡ್ರಿಸಿದ್ರೆ ಹೆಂಗೆ?" ಎಂದ ಪರಶುರಾಮ. "ಮುಳ್ಳು ತೆಗಿಯಾಕೆ ಮುಳ್ಳೇ ಬೇಕು."

ಕುಬೇರಪ್ಪ ಅವರ ಮನೆ ಮಾಲೀಕರು. ದೇವರಾಜ ಅರಸು ಬಡಾವಣೆಯ ಆ ಮನೆಯಲ್ಲಿ ಕೆಳಗೆ ಅವರು, ಮೇಲೆ ಇವರು. ನೆಂಟರು ಎರಡು ರಾತ್ರಿ ಹೆಚ್ಚಿಗೆ ಉಳಿದರೆ ನೀರಿನ ಲೆಕ್ಕ ಹೇಳುವರು. ಗೋಡೆಗೆ ಮೊಳೆ ಹೊಡೆದ ಸದ್ದಾದರೆ ಅರ್ಧ ಊಟದಲ್ಲಿ ಎದ್ದು ಬರುವರು. ಬಾಡಿಗೆಯವರು ತಮ್ಮ ಸಲಹೆ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಭಾನುವಾರ ಇಸ್ತ್ರಿ ಅಂಗಿ ಹಾಕಿ, ವಿಭೂತಿ ಹಚ್ಚಿಕೊಂಡು, ಮದುವೆ ಮಾತುಕತೆಗೆ ಬಂದವರಂತೆ ಬಂದು ಕುಳಿತರು.

ಮಾಲತಿ ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸತೊಡಗಿದಳು. ಕುಬೇರಪ್ಪ ಮಂಡಿಪೇಟೆಯ ವ್ಯಾಪಾರಿಗಳಿಂದ ಕಲಿತ ಹಿಂದಿಯಲ್ಲಿ ತಡೆದರು. ಒಂದು ಗೋಡೆಗೆ ಮಾತ್ರ ಹಸಿರು ಬಣ್ಣವೇಕೆ?

ಹಸಿರು ಕಣ್ಣಿಗೆ ತಂಪು ಎಂದಳು ಮಾಲತಿ.

ಕುಬೇರಪ್ಪ ಸುನೀತಾಳತ್ತ ತಿರುಗಿ, "ಕಣ್ಣಿಗಲ್ಲಮ್ಮ, ಗೋಡಿಗೇ ತಂಪು ಹಿಡದೈತೆ. ಸೋರಿದ ಕಲೆ ಮುಚ್ಚಾಕೆ ಹಿಂಗೆ ಒಂದೇ ಗೋಡಿಗೆ ಬಣ್ಣ ಹೊಡಸ್ತಾರೆ," ಎಂದರು.

ಸುನೀತಾ ತಮ್ಮ ಕೋಣೆಯ ನೀಲಿ ಗೋಡೆಯನ್ನು ನೋಡಿದಳು. ಉಳಿದ ಮೂರೂ ಬಿಳಿ.

ಕುಬೇರಪ್ಪ ಅದನ್ನು ಗಮನಿಸಲಿಲ್ಲ. ನಲ್ಲಿ ತಿರುಗಿಸಿ ಎಂದು ಮಾಲತಿಗೆ ಹೇಳಿದರು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟ್ಯಾಂಕರ್ ದುಡ್ಡು ಬಾಡಿಗೆಯವರದೇ ಎಂದು ಮಾಲತಿ ಒಪ್ಪಿಕೊಂಡಳು. ಕರೆಂಟಿಗೆ ಸಬ್ ಮೀಟರ್ ಇದೆ ಎಂದದ್ದೇ ತಡ, ಕುಬೇರಪ್ಪ ಕುರ್ಚಿಯಲ್ಲಿ ಮುಂದೆ ಸರಿದರು.

"ಸಬ್ ಮೀಟರ್ ಬ್ಯಾಡ್ರಿ. ಅದರಾಗ ಮಾಲೀಕರ ಮೋಟಾರೂ ಓಡ್ತೈತೆ, ಗೇಟಿನ ಲೈಟೂ ಉರಿತೈತೆ. ಬಾಡಿಗೆಯೋರಿಗೆ ಗೊತ್ತೇ ಆಗಲ್ಲ."

ಕೆಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಪರಶುರಾಮ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತ. ಕುಬೇರಪ್ಪನವರ ಕಿವಿ ಕೆಂಪಾಯಿತು. ಆದರೆ ಗೆಲ್ಲುತ್ತಿದ್ದ ವ್ಯಾಜ್ಯವನ್ನು ಅರ್ಧಕ್ಕೆ ಬಿಡುವುದು ಅವರ ಜಾಯಮಾನವಲ್ಲ. ಮಾತು ಮುಗಿದಾಗ ಬಾಡಿಗೆ ಹದಿನೈದಕ್ಕಿಳಿದಿತ್ತು. ಕರೆಂಟಿಗೆ ಪ್ರತ್ಯೇಕ ಮೀಟರ್, ಟ್ಯಾಂಕರ್ ದುಡ್ಡಿನಲ್ಲಿ ಅರ್ಧ ಪಾಲು ಮಾಲತಿಯದು.

"ಈ ಬಾಬು ನಿಮ್ಮ ತಂದೆಯೇ?" ಎಂದು ಅವಳು ಸೋತ ದನಿಯಲ್ಲಿ ಕೇಳಿದಳು.

"ಅಲ್ಲ, ನಮ್ಮ ಮನೆ ಮಾಲೀಕರು," ಎಂದಳು ಸುನೀತಾ.

"ಹಾಗಾದರೆ ನಾನು ಸೋತಿದ್ದರಲ್ಲಿ ಅವಮಾನವೇನಿಲ್ಲ," ಎಂದು ಮಾಲತಿ ಫೋನ್ ಇಟ್ಟಳು.

"ನಾ ಹೇಳಿದ್ದೆಲ್ಲ ದ್ವೀಪದ ವಿಷಯ," ಎಂದರು ಕುಬೇರಪ್ಪ. "ಸುತ್ತ ನೀರಿರೋ ಕಡೆ ಹಂಗೆಲ್ಲ ಮಾಡ್ತಾರೆ."

"ಗೇಟಿನ ಲೈಟ್ ನಮ್ಮ ಮೀಟರಿನಾಗ ಯಾವಾಗಿಂದ ಉರಿತೈತ್ರಿ?" ಎಂದು ಸುನೀತಾ ಮೆಲ್ಲಗೆ ಕೇಳಿದಳು.

ಕುಬೇರಪ್ಪ ಲೋಟ ಬರಿದು ಮಾಡಿದರು. "ಟೀ ಚಲೋ ಆಗೈತೆ," ಎಂದು ಎದ್ದು ಕೆಳಗೆ ಹೋದರು.

ಸುನೀತಾಗೆ ಜಗಳವಾಡಬೇಕೆನಿಸಿತ್ತು. ಆದರೆ ಬಾಗಿಲು ಹಾಕಿದೊಡನೆ ಗಂಡನ ಮುಖ ನೋಡಿ ನಗು ತಡೆಯಲಾಗಲಿಲ್ಲ.

ಮನೆ ಖಾಲಿ ಮಾಡುವ ದಿನ ಕುಬೇರಪ್ಪ ಅಡ್ವಾನ್ಸನ್ನು ಕವರಿನಲ್ಲಿ ಹಾಕಿ ಕೊಟ್ಟರು. ಸುಣ್ಣಬಣ್ಣಕ್ಕೆಂದು ಒಂದು ಪೈಸೆಯನ್ನೂ ಮುರಿದುಕೊಂಡಿರಲಿಲ್ಲ. ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಸುನೀತಾ ಕೇಳುವ ಮೊದಲೇ, "ಅದು ಲೈಟಿಂದು," ಎಂದು ಅವಸರದಲ್ಲಿ ಹೊರಗೆ ನಡೆದು, ಸಾಮಾನು ಹೇರುತ್ತಿದ್ದ ಟೆಂಪೋದವನೊಂದಿಗೆ ಇವರ ಪರವಾಗಿ ಚೌಕಾಸಿಗೆ ನಿಂತರು.

ದ್ವೀಪದಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಬಂದ ದಿನ ಪರಶುರಾಮ ಸಮುದ್ರ ಮರೆತು ಕೊಡಗಳ ಮುಂದೆ ಕೂರುತ್ತಿದ್ದ. ಸೆಕೆಗೆ ಅವರು ಒಗ್ಗಿಕೊಂಡರು, ಎ.ಸಿ.ಗೆ ಒಗ್ಗಿಕೊಳ್ಳುವ ಧೈರ್ಯ ಮಾಡಲಿಲ್ಲ. ವರ್ಷ ತುಂಬಿದಾಗ ಮಾಲತಿ ಬಾಡಿಗೆ ಏರಿಸುವ ಮನಸ್ಸಿನಿಂದ ಎಳನೀರು ಹಿಡಿದುಕೊಂಡು ಬಂದಳು. ಅದೂ ಇದೂ ಮಾತಾಡಿ, ಕಡೆಗೆ, "ನಿಮ್ಮ ಕುಬೇರ್ ಬಾಬು ಹೇಗಿದ್ದಾರೆ?" ಎಂದು ವಿಚಾರಿಸಿದಳು.

"ಗಟ್ಟಿಯಾಗಿದ್ದಾರೆ," ಎಂದಳು ಸುನೀತಾ. "ಮುಂದಿನ ತಿಂಗಳು ಇಲ್ಲಿಗೆ ಬರುವವರಿದ್ದಾರೆ."

ಮಾಲತಿ ಎಳನೀರನ್ನು ಕಟ್ಟೆಯ ಮೇಲಿಟ್ಟು, ಮಳೆ ಬರುವ ಹಾಗಿದೆ ಎಂದು ಹೊರಟುಹೋದಳು.