ಎರಡೂ ಬಾಲ್ಕನಿ ಒಡೆಸಿದವಳು

ವಾರಗಿತ್ತಿಯ ಹೊಸ ಮನೆಯ ಊಟಕ್ಕೆ ಮಾಲ್ಸುಕ್ ಎಲ್ಲರಂತೆ ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟು, ಬಟ್ಟೆ ಸೋಪಿನ ಪುಡಿ ಹಿಡಿದುಕೊಂಡೇ ಹೋಗಿದ್ದಳು. ಸುರುಳಿ ಬಿಚ್ಚಿದಷ್ಟು ಸಲೀಸಾಗಿ ಬಾಳು ಸಾಗಲಿ, ನೊರೆ ಎದ್ದ ಹಾಗೆ ಸಿರಿ ಏಳಲಿ ಎಂದು ಹಾರೈಸುವುದು ವಾಡಿಕೆ. ಬಾಗಿಲಲ್ಲಿ ಬೂಟು ಕಳಚಿ ಮನೆಯ ಹಾಲ್ ಕಡೆ ಕಣ್ಣು ಹಾಯಿಸಿದ್ದೇ ಹಾರೈಕೆ ಮರೆತೇ ಹೋಯಿತು.

ಬೊರಾ ಅವಳ ಮೈದುನನ ಹೆಂಡತಿ. ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವಳು, ಮಾತಿನಲ್ಲಿ ಮೆದು, ಆ ಮೆದುತನವೇ ಮಾಲ್ಸುಕ್‌ಗೆ ಆಗದು. ಇಬ್ಬರ ಅಪಾರ್ಟ್‌ಮೆಂಟೂ ದೇಗು ನಗರದಲ್ಲೇ, ಒಬ್ಬನೇ ಬಿಲ್ಡರ್ ಕಟ್ಟಿದ್ದು, ಅದೇ ಅಳತೆ, ಅದೇ ನಕ್ಷೆ. ಆದರೆ ಬೊರಾ ಹಾಲಿನ ಮುಂದಿದ್ದ ಗಾಜಿನ ಬಾಲ್ಕನಿಯನ್ನು ಒಡೆಸಿ ಹಾಲಿಗೇ ಸೇರಿಸಿದ್ದಳು. ಬಿಸಿಲು ನೇರವಾಗಿ ಸೋಫಾದವರೆಗೆ ಬಂದು ಬಿದ್ದಿತ್ತು. ಬಂದವರೆಲ್ಲ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಅದನ್ನಾದರೂ ಮಾಲ್ಸುಕ್ ಸಹಿಸಿಕೊಳ್ಳುತ್ತಿದ್ದಳೇನೋ. ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು. "ಮನೆ ಅಂದ್ರೆ ಹೀಗಿರ್ಬೇಕು ನೋಡು. ಉಸಿರಾಡೋಕೆ ಜಾಗ ಇದೆ," ಅಂದರು.

ಇಪ್ಪತ್ತಾರು ವರ್ಷದಿಂದ ಹಿರಿಯರ ಎಡೆಗೆ ಮೀನು ಹುರಿದವಳು, ಸೊಪ್ಪು ಬಿಡಿಸಿದವಳು, ನೆಂಟರ ಎಂಜಲು ತಟ್ಟೆ ತೊಳೆದವಳು ಮಾಲ್ಸುಕ್. ಅವಳ ಮನೆ ಬಗ್ಗೆ ಅತ್ತೆಯ ಬಾಯಿಂದ ಇಂಥದ್ದೊಂದು ಮಾತು ಒಮ್ಮೆಯೂ ಉದುರಿರಲಿಲ್ಲ. ಅವಳಿಗೆ ಹೊಟ್ಟೆ ಉರಿಯಿತು. ಬಾಯಿಗೆ ಹಾಕಿಕೊಂಡ ಗೆಣಸಿನ ಹಿಟ್ಟಿನ ಶಾವಿಗೆಯನ್ನು ಅಗಿಯುತ್ತಲೇ ಇದ್ದಳು.

ಊಟ ಮುಗಿದ ಮೇಲೆ ಅತ್ತೆ ಇನ್ನೊಂದು ಮಾತು ಹೇಳಿದರು. "ಮಂಡಿ ನನ್ನ ಮಾತು ಕೇಳ್ತಿಲ್ಲ. ಬರೋ ವಸಂತಕ್ಕೆ ಆಂದೊಂಗ್ ಊರಿನ ಮನೆ ಬಿಟ್ಟು ತಂಗಿ ಜೊತೆ ಇರ್ತೀನಿ. ಅವಳ ಮನೇಲಿ ಜಾಡಿ ಇಡೋಕೆ ಜಾಗ ಇಲ್ಲ. ಅದು ದೊಡ್ಡ ಸೊಸೇಗೆ."

ಜಾಡಿ ಅಂದರೆ ಆ ಮನೆತನದ ಸೋಯಾ ಸಾಸಿನ ಜಾಡಿ. ಅತ್ತೆಯ ಅತ್ತೆ ಹಾಕಿದ್ದು. ಮೊಸರಿಗೆ ಹೆಪ್ಪು ಇಟ್ಟ ಹಾಗೆ ಹಳೆಯದರ ಮೇಲೆ ಪ್ರತಿ ವರ್ಷ ಹೊಸದನ್ನು ಸುರಿಯುತ್ತ ಬಂದದ್ದು, ಒಮ್ಮೆಯೂ ಖಾಲಿಯಾಗದ್ದು, ಬಿಸಿಲೂ ಗಾಳಿಯೂ ಆಡುವ ತಂಪು ನೆಲದಲ್ಲೇ ಇಡಬೇಕಾದದ್ದು. ಅದು ಯಾರ ಮನೆಯಲ್ಲಿರುತ್ತದೋ ಆ ಮನೆಯವಳೇ ಯಜಮಾನಿ. ಮಾಲ್ಸುಕ್ ಇಷ್ಟು ವರ್ಷ ಕಾದದ್ದೇ ಅದಕ್ಕಾಗಿ. ಆ ಮಾತಿಗೆ ಅವಳು ಕುಣಿದಾಡಬೇಕಿತ್ತು. ಕುಣಿಯಲಿಲ್ಲ. ತಲೆಯಲ್ಲಿ ಉಸಿರಾಟದ ಮಾತೇ ಕೊರೆಯುತ್ತಿತ್ತು.

ಹೊರಡುವ ಮುಂಚೆ ಬೊರಾಳ ಮಲಗುವ ಕೋಣೆಯಲ್ಲೂ ಇಣುಕಿದಳು. ಅಲ್ಲಿನ ಬಾಲ್ಕನಿ ಹಾಗೇ ಇತ್ತು, ಬಟ್ಟೆ ಹರವುವ ಹಗ್ಗ, ನಾಲ್ಕು ಹೂಕುಂಡ. ದುಡ್ಡು ಸಾಲದೆ ಬಿಟ್ಟಿದ್ದಾಳೆ ಎಂದುಕೊಂಡು ಮಾಲ್ಸುಕ್‌ಗೆ ಆ ದಿನ ಮೊದಲ ಸಲ ಸ್ವಲ್ಪ ಹಾಯೆನಿಸಿತು.

ಮರುದಿನವೇ ಮೇಸ್ತ್ರಿ ಮೆಂಗ್‌ನನ್ನು ಕರೆಸಿದಳು. ಗಂಡ ಜೆಗ್ಯು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ, "ಬಾಲ್ಕನಿ ಒಡೆದ್ರೆ ಬಟ್ಟೆ ಎಲ್ಲಿ ಒಣಗಿಸ್ತೀಯೆ? ನಿನ್ನ ಸೋಯಾ ಗೊಜ್ಜಿನ ಜಾಡಿಗಳು ಎಲ್ಲಿಗೆ ಹೋಗ್ತವೆ?"

"ನಿಮ್ಮ ತಮ್ಮನ ಹೆಂಡ್ತಿ ಬಟ್ಟೆ ಒಣಗಿಸದೆ ಒದ್ದೆದೇ ಹಾಕ್ಕೊಂಡು ಓಡಾಡ್ತಾಳಾ?"

"ನಾಳೆ ಅಮ್ಮನ ಜಾಡಿ ಬಂದ್ರೆ?"

"ಕಿಟಕಿ ಪಕ್ಕ ಇಟ್ರಾಯ್ತು. ಬಿಸಿಲು ಅದೇ ಬಿಸಿಲು ತಾನೆ."

ಜೆಗ್ಯು ಟಿವಿಯ ಸದ್ದು ಹೆಚ್ಚಿಸಿದ. ಆ ಮನೆಯಲ್ಲಿ ಅವನು ಬಹಳ ವರ್ಷಗಳಿಂದ ಅದನ್ನು ಹೆಚ್ಚಿಸುತ್ತಲೇ ಬಂದಿದ್ದ.

ಮೇಸ್ತ್ರಿಯೂ ಹೇಳಿ ನೋಡಿದ. "ಅಕ್ಕಾವ್ರೇ, ಒಂದು ಬಾಲ್ಕನಿ ಬಿಡಿ. ಎಲ್ಲ ಒಡೆದ್ರೆ ಚಳಿಗಾಲದಲ್ಲಿ ಗೋಡೆ ಬೆವರುತ್ತೆ. ಎರಡು ಪದರದ ಗಾಜು ಹಾಕ್ಸಿ, ಸರಿಸೋ ಕಿಟಕಿ ಇಡ್ಸಿ."

"ಅವಳ ಮನೇಲಿ ಸರಿಸೋ ಕಿಟಕೀನಾ?"

"ಹೌದು."

"ಹಾಗಾದ್ರೆ ನನಗೆ ಒಂದೇ ದೊಡ್ಡ ಗಾಜು. ನಡುವೆ ಚೌಕಟ್ಟು ಕಾಣಬಾರದು."

ಬೊರಾ ಒಂದು ಬಾಲ್ಕನಿ ಒಡೆಸಿದ್ದಳಲ್ಲ, ಇವಳು ಎರಡೂ ಒಡೆಸಿದಳು, ಗೊಜ್ಜಿನ ಜಾಡಿಗಳನ್ನು ನೆರೆಯವರಿಗೆ ಕೊಟ್ಟುಬಿಟ್ಟಳು. ಅಲ್ಲಿ ಮರದ ನೆಲ, ಇಲ್ಲಿ ಅಚ್ಚ ಬಿಳಿ ಕಲ್ಲು. ಅಲ್ಲಿ ಮೂರು ಜನ ಕೂರುವ ಸೋಫಾ, ಇಲ್ಲಿ ಆರು ಜನದ್ದು. ಅದು ಒಳಗೆ ಬಂದ ಮೇಲೆ ಅಡುಗೆಮನೆಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕಾಯಿತು. ಅಲ್ಲಿ ಒಂದು ದೀಪ, ಇಲ್ಲಿ ಗೊಂಚಲು ದೀಪ. ಸೂರು ತಗ್ಗಾಗಿದ್ದರಿಂದ ಜೆಗ್ಯು ದಿನಕ್ಕೆರಡು ಸಲ ಅದಕ್ಕೆ ಹಣೆ ಹೊಡೆಸಿಕೊಳ್ಳುತ್ತಿದ್ದ. ಕಾಲು ಬೆಚ್ಚಗಿರಲೆಂದು ನೆಲದಡಿಯ ಬಿಸಿನೀರಿನ ಕೊಳವೆಗಳನ್ನು ಕಿಟಕಿಯ ಬುಡದವರೆಗೂ ಎಳೆಸಿದಳು. ಮನೆ ಅವಳಿಗಾಗಿ ಆಗುತ್ತಿರಲಿಲ್ಲ, ಬೊರಾಳ ಕಣ್ಣಿಗಾಗಿ ಆಗುತ್ತಿತ್ತು. ಇದು ಅವಳಿಗೂ ಗೊತ್ತಿತ್ತು.

ಚಳಿಗಾಲ ಬಂತು. ದೊಡ್ಡ ಗಾಜಿನಿಂದ ಬೆಳಗ್ಗೆ ನೀರು ಇಳಿಯತೊಡಗಿತು. ಮಲಗುವ ಕೋಣೆಯ ಹೊಸ ಬೀರುವಿನ ಹಿಂದೆ ಗೋಡೆ ಕಪ್ಪಗೆ ಬೂಷ್ಟು ಹಿಡಿಯಿತು. ಒದ್ದೆ ಬಟ್ಟೆಗಳು ಆರು ಜನದ ಸೋಫಾದ ಬೆನ್ನ ಮೇಲೆ ಸಾಲಾಗಿ ಕೂತವು. ಯಾರಾದರೂ ಬರುತ್ತೇವೆಂದು ಫೋನ್ ಮಾಡಿದರೆ ಮಾಲ್ಸುಕ್ ಬಟ್ಟೆ ಬಾಚಿ ಬಚ್ಚಲಿಗೆ ಎಸೆದು, ಬೀರುವಿನ ಮೇಲೆ ಸುಗಂಧ ಚಿಮುಕಿಸಿ, ನಗುಮುಖ ಮಾಡಿಕೊಂಡು ಬಾಗಿಲು ತೆರೆಯುತ್ತಿದ್ದಳು. ಬೊರಾಳನ್ನು ಮಾತ್ರ ಕರೆಯಲಿಲ್ಲ. ಜಾಡಿ ಬರುವ ದಿನ ಎಲ್ಲ ಒಟ್ಟಿಗೆ ನೋಡಲಿ ಎಂದು ಕಾದಳು.

ಆ ದಿನ ಬಂತು. ಮಾರ್ಚ್ ತಿಂಗಳ ಬಿಸಿಲಲ್ಲಿ ಬೊರಾ ಕಾರು ಓಡಿಸಿಕೊಂಡು ಅತ್ತೆಯನ್ನೂ ಜಾಡಿಯನ್ನೂ ತಂದಳು. ಮೊಣಕಾಲೆತ್ತರದ ಕಂದು ಜಾಡಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೇಲೆ ಮುಚ್ಚಳ ಹಾಕಿತ್ತು. ಬೊರಾ ಹಾಲಿನಲ್ಲಿ ನಿಂತು ಸುತ್ತ ನೋಡಿದಳು. "ಎಷ್ಟು ದೊಡ್ಡದಾಗಿದೆ ಅಕ್ಕ," ಅಂದಳು. ಮಾಲ್ಸುಕ್ ಆರು ತಿಂಗಳಿಂದ ಕಾದ ಮಾತು ಅದು. ಅದರ ರುಚಿ ನೋಡುವಷ್ಟರಲ್ಲಿ ಅತ್ತೆ ಕೇಳಿದರು, "ಬಾಲ್ಕನಿ ಎಲ್ಲಿ?"

"ಒಡೆಸಿದೆ ಅತ್ತೆ. ಉಸಿರಾಡೋಕೆ ಜಾಗ ಆಯ್ತು."

"ಒಳಗಿನ ಕೋಣೇದು?"

"ಅದನ್ನೂ ಒಡೆಸಿದೆ."

ಅತ್ತೆ ಕಿಟಕಿಯ ಹತ್ತಿರ ಹೋದರು. ಗಾಜು ಸರಿಸಲು ನೋಡಿದರು, ಅದು ಸರಿಯುವಂಥದ್ದಲ್ಲ. ಕಾಲುಚೀಲ ಕಳಚಿ ಬರಿಗಾಲು ನೆಲಕ್ಕೆ ಒತ್ತಿದರು. ನೆಲ ಬಿಸಿಯಾಗಿತ್ತು. ಮೇಲಿನ ತಾರಸಿಗೆ ಅಪಾರ್ಟ್‌ಮೆಂಟ್ ಕಚೇರಿಯವರ ಬೀಗ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಜಾಡಿ ನಿನ್ನದು. ಇಪ್ಪತ್ತಾರು ವರ್ಷ ಕೈಯಾಡ್ಸಿದವಳು ನೀನು," ಅಂದರು ಅತ್ತೆ. "ಎಲ್ಲಿಡ್ಲಿ, ನೀನೇ ಹೇಳು."

ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಕಿಟಕಿ ಪಕ್ಕ ಇಡಿ ಎಂದು ನಾಲಿಗೆ ತುದಿಯವರೆಗೂ ಬಂತು. ಆದರೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಗಾಳಿಯಿಲ್ಲದ ಮೂಲೆಯಲ್ಲಿ, ಬಿಸಿ ನೆಲದ ಮೇಲೆ ಆ ಸಾಸು ಒಂದು ತಿಂಗಳು ಬಾಳುವುದಿಲ್ಲ ಎಂದು.

"ಬೊರಾ ಮನೆಗೆ," ಅಂದಳು ಮಾಲ್ಸುಕ್. ಬಗ್ಗಿ ಜಾಡಿ ಎತ್ತಿಕೊಂಡಳು.

ಕಾರಿನಲ್ಲಿ ಜಾಡಿಯನ್ನು ತಾನೇ ತೊಡೆಯ ಮೇಲಿಟ್ಟುಕೊಂಡಳು. ಲಿಫ್ಟಿನಲ್ಲಿ ಬೊರಾ ಕೈಹಾಕಲು ಬಂದರೆ "ಬಿಡು, ಬೀಳಿಸ್ತೀಯ" ಎಂದು ಗದರಿದಳು. ಬೊರಾಳ ಮಲಗುವ ಕೋಣೆಯ ಆ ಬಡ ಬಾಲ್ಕನಿಯಲ್ಲಿ ಹೂಕುಂಡ ಸರಿಸಿ, ಜಾಡಿ ಇಟ್ಟು, ಬಟ್ಟೆ ಬಿಗಿದಳು. ಬೊರಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು, "ಹೇಗೆ ನೋಡ್ಕೋಬೇಕು ಹೇಳಿಕೊಡಿ ಅಕ್ಕ."

ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಕಿಟಕಿ ಸರಿಸಿ ಮುಚ್ಚಳ ತೆಗಿ ಅಂದಳು. ಬಿಸಿಲು ಇಳಿಯುವ ಮುಂಚೆ ಮುಚ್ಚು. ಒದ್ದೆ ಸೌಟು ತೋರಿಸಬೇಡ. ಒಂದನ್ನು ಮಾತ್ರ ಹೇಳಲಿಲ್ಲ. ವಸಂತದಲ್ಲಿ ದೂರದ ಮರುಭೂಮಿಯಿಂದ ಹಳದಿ ದೂಳು ಗಾಳಿಯಲ್ಲಿ ತೇಲಿ ಬರುತ್ತದೆ. ಆ ದಿನ ಬಿಸಿಲು ಎಷ್ಟೇ ಇರಲಿ, ಜಾಡಿ ತೆರೆಯಬಾರದು. ಮರೆತದ್ದಲ್ಲ, ಬೇಕೆಂದೇ ನುಂಗಿಕೊಂಡಳು. ಒಂದಾದರೂ ತನ್ನ ಹತ್ತಿರ ಉಳಿಯಲಿ ಎಂಬ ಹೊಟ್ಟೆಕಿಚ್ಚು.

ಐದನೆಯ ದಿನ ಬೆಳಗ್ಗೆ ದೊಡ್ಡ ಗಾಜಿನಾಚೆ ಆಕಾಶ ಹಳದಿಯಾಗಿತ್ತು. ಎದುರಿನ ಕಟ್ಟಡ ಮಸುಕಾಗಿತ್ತು. ಮಾಲ್ಸುಕ್‌ಗೆ ಮೊದಲು ಖುಷಿಯೇ ಆಯಿತು. ಸಾಸು ಕೆಡಲಿ, ಆಗ ತಿಳಿಯುತ್ತದೆ ಯಾರ ಕೈ ಎಂಥದ್ದು ಎಂದು. ಹಲ್ಲುಜ್ಜುತ್ತ ಅದನ್ನೇ ನೆನೆದು ನಕ್ಕಳು. ಅನ್ನ ಬಡಿಸುವಾಗ ಯೋಚನೆ ತಿರುಗಿತು. ಅತ್ತೆಯ ಅತ್ತೆ ಹಾಕಿದ ಸಾಸು. ಅದು ಹೋದರೆ ಬೊರಾಳದ್ದೇನೂ ಹೋಗುವುದಿಲ್ಲ, ಹೋಗುವುದು ತನ್ನದೇ. ಸೌಟು ಬಿಟ್ಟು ಫೋನ್ ಎತ್ತಿಕೊಂಡಳು.

"ಬೊರಾ, ಮುಚ್ಚಳ ಹಾಕು. ಈಗ್ಲೇ ಹೋಗು. ದೂಳು ಎದ್ದಿದೆ."

"ತೆಗೆದೇ ಇಲ್ಲ ಅಕ್ಕ ಇವತ್ತು."

"ಯಾಕೆ? ನಾನು ಹೇಳಿರ್ಲಿಲ್ಲವಲ್ಲ."

"ನೀವು ದೂಳಿನ ದಿನ ನಿಮ್ಮ ಜಾಡಿಗಳನ್ನ ತೆಗೀತಾನೇ ಇರ್ಲಿಲ್ಲ. ನೋಡಿದ್ದೆ." ಬೊರಾ ಮಾತು ಮುಂದುವರಿಸಿದಳು. "ಮದುವೆಯಾಗಿ ಬಂದಾಗಿಂದ ನೋಡ್ತಾನೇ ಇದ್ದೀನಿ ಅಕ್ಕ. ಅತ್ತೆ ಜಾಡಿ ನಿಮಗೇ ಅಂತ ಗೊತ್ತಿತ್ತು. ಆದ್ರೂ ಒಂದು ಬಾಲ್ಕನಿ ಒಡೆಸೋಕೆ ಮನಸ್ಸು ಬರ್ಲಿಲ್ಲ. ಯಾವತ್ತಾದ್ರೂ ನನ್ನ ಹತ್ರಾನೂ ಬರ್ಬಹುದು ಅಂತ."

ಮಾಲ್ಸುಕ್‌ಗೆ ಈಗ ಹೊಳೆಯಿತು. ತಾನು ಆ ಹಾಲಿನ ಬೆಳಕು ನೋಡಿ ಉರಿದದ್ದು ಆರು ತಿಂಗಳು, ಬೊರಾ ಎಷ್ಟೋ ವರ್ಷ ಈ ಕೈಯನ್ನೇ ನೋಡುತ್ತ ಕಾದಿದ್ದಳು. ಆ ಮೆದು ಮಾತಿನವಳು ಎಲ್ಲವನ್ನೂ ಕಲಿತು ಮುಗಿಸಿದ್ದಳು. ಅತ್ತೆಗೆ ಇದು ತಿಳಿಯಲು ಇನ್ನೆಷ್ಟು ದಿನ ಎಂದು ಹೆದರಿಕೆಯಾಯಿತು.

ಫೋನ್ ಇಟ್ಟವಳೇ ಮೇಸ್ತ್ರಿ ಮೆಂಗ್‌ನ ನಂಬರ್ ಒತ್ತಿದಳು.

"ಒಳಕೋಣೆ ಬಾಲ್ಕನಿ ಮತ್ತೆ ಕಟ್ಟಬೇಕು."

ಮೇಸ್ತ್ರಿ ನಕ್ಕ. "ಅಕ್ಕಾವ್ರೇ, ಒಂದು ಬಿಡಿ ಅಂತ ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ. ತಪ್ಪು ನಂದೇ. ನಗೋದು ಆಮೇಲೆ ನಗಿ, ಎಷ್ಟು ದಿನ ಬೇಕು ಅದು ಹೇಳಿ."

"ಹದಿನೈದು ದಿನ."

"ಹತ್ತು ದಿನದಲ್ಲಿ ಮುಗಿಸಿ," ಅಂದಳು ಮಾಲ್ಸುಕ್. "ಹದಿನೈದಾದ್ರೆ ಜಾಡಿ ಅವಳ ಕೈಗೆ ಒಗ್ಗಿಬಿಡುತ್ತೆ."