ಏಳನೆಯ ಭಾಗದಲ್ಲಿ ಸತ್ತವಳು

ಮೋಟಾರು ಒಮ್ಮೆ ಗುರ್ ಎಂದು ಮತ್ತೆ ನಿಂತಿತು. ಧೂಳಪ್ಪ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಟೆಸ್ಟರನ್ನು ಕೈಗೆ ತೆಗೆದುಕೊಂಡು, "ತಡೀರಿ, ಇನ್ನಾ ಹಾಕಬ್ಯಾಡ್ರಿ," ಎಂದು ಒಳಗಿನವರಿಗೆ ಕೂಗಿದ.

ಮೀರಾಸಾಬನ ಕೊನೆಯ ಸ್ನಾನಕ್ಕೆ ಮನೆಯಲ್ಲಿ ನೀರಿರಲಿಲ್ಲ. ಓಣಿಯವರು ಕೊಡ ಹೊತ್ತು ತರಲು ತಯಾರಿದ್ದರು, ಧೂಳಪ್ಪನೇ ಹಟ ಹಿಡಿದು ಬೇಡವೆಂದಿದ್ದ. ಮುದ್ದೇಬಿಹಾಳದ ಸುತ್ತಲಿನ ಅರ್ಧ ಬೋರ್‌ವೆಲ್ಲುಗಳ ಮೋಟಾರಿಗೆ ತಂತಿ ಸುತ್ತಿಕೊಟ್ಟವನು ಅವನು. ಅಂಥವನು ಗಟ್ಟಿಮುಟ್ಟಾಗಿ ಬದುಕಿರುವಾಗ ಅವನ ಜೀವದ ಗೆಳೆಯ ಮಂದಿಯ ಮನೆಯ ನೀರಿನಲ್ಲಿ ಮೈ ತೊಳೆಸಿಕೊಂಡು ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ. ಮೂರನೆಯ ಸಲಕ್ಕೆ ಮೋಟಾರು ದನಿ ಬದಲಿಸಿ ಸರಾಗವಾಗಿ ತಿರುಗಿತು. ಪೈಪು ಕೆಮ್ಮಿ ಕೆಮ್ಮಿ ನೀರು ಉಗುಳಿತು. ಧೂಳಪ್ಪ ಪಕ್ಕದಲ್ಲಿ ಬಿದ್ದಿದ್ದ ಬಟ್ಟೆಯೊಂದನ್ನು ಎತ್ತಿ ಕೈಯ ಗ್ರೀಸು ಒರೆಸಿಕೊಂಡ. ಅದು ಮೀರಾಸಾಬನ ಟೇಲರ್ ಅಂಗಡಿಯ ತುಂಡುಬಟ್ಟೆ ಎಂದು ಗುರುತು ಹತ್ತಿದ್ದೇ ತಡ, ಬೆಳಗಿನಿಂದ ತಡೆದದ್ದು ಒಡೆದು ಬಂತು. ಗೋಡೆಗೆ ಮುಖ ಮಾಡಿ ನಿಂತು ಮನಸಾರೆ ಅತ್ತ.

ಹೊರಗೆ ಪೆಂಡಾಲಿನ ಕೆಳಗೆ ಸಂಗಮೇಶ ಮತ್ತು ಅನೀಲಕುಮಾರ ಅವನಿಗಾಗಿ ಒಂದು ಕುರ್ಚಿ ಹಿಡಿದಿಟ್ಟಿದ್ದರು. ಸಂಗಮೇಶನದು ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ, ಅನೀಲಕುಮಾರನದು ಬಸ್‌ಸ್ಟ್ಯಾಂಡಿನ ಎದುರು ಔಷಧಿ ಅಂಗಡಿ. ಮೀರಾಸಾಬನನ್ನೂ ಸೇರಿಸಿ ಈ ನಾಲ್ವರನ್ನು ಊರಿನವರು 'ಆಕಾಶದ ಮಂದಿ' ಎಂದು ಕರೆಯುತ್ತಿದ್ದರು. ಕಾರಣ ಇತ್ತು. ಮೂವತ್ತು ವರ್ಷಗಳಿಂದ ರವಿವಾರ ಮಧ್ಯಾಹ್ನ ಅವರು ಮೀರಾಸಾಬನ ಅಂಗಡಿಯ ಬೆಂಚಿನ ಮೇಲೆ ಕೂಡುತ್ತಿದ್ದರು. ಮೀರಾಸಾಬ 'ಆಸ್ಮಾನೀ ಲಷ್ಕರ್' ಎಂಬ ಉರ್ದು ಕಾದಂಬರಿಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದ. ಚುಕ್ಕಿಯಿಂದ ಚುಕ್ಕಿಗೆ ಜಿಗಿಯುವ ಯುದ್ಧದ ಹಡಗುಗಳು, ಅವುಗಳ ಕಪ್ತಾನರು, ಮುಗಿಯದ ಲಡಾಯಿ. ಉಳಿದ ಮೂವರಿಗೆ ಉರ್ದು ಅಕ್ಷರ ಎಡದಿಂದ ಓದಬೇಕೋ ಬಲದಿಂದಲೋ ಅದೂ ಗೊತ್ತಿರಲಿಲ್ಲ. ಹಾಗಾಗಿ ಮೀರಾಸಾಬ ಓದಿದ್ದೇ ಪ್ರಮಾಣ. ಅವನು ಓದಿ ಮುಗಿಸಿದ ಮೇಲೆ ಜಗಳ ಶುರುವಾಗುತ್ತಿತ್ತು, ಅದು ಕತ್ತಲಾದರೂ ಮುಗಿಯುತ್ತಿರಲಿಲ್ಲ.

ಇವತ್ತೂ ಬಾಯಿ ಸುಮ್ಮನಿರಲಿಲ್ಲ.

"ಹನ್ನೊಂದನೇ ಭಾಗ ಅರ್ಧಕ್ಕ ನಿಂತತಲ್ಲೋ," ಸಂಗಮೇಶ ಪಿಸುಗುಟ್ಟಿದ. "ಲಷ್ಕರ ಹೋಗಿ ವೈರಿ ಬಾಗಲದಾಗ ನಿಂತೈತಿ. ಇನ್ನ ಮುಂದ ಓದಾವ್ರು ಯಾರು?"

"ಕಪ್ತಾನ ಜರೀನಾ ಇದ್ದಿದ್ರ ಇಷ್ಟೊತ್ತಿಗೆ ಬಾಗಲಾ ಒಡದು ಒಳಗ ಹೊಕ್ಕಿರ್ತಿದ್ಳು," ಎಂದ ಅನೀಲಕುಮಾರ.

ಧೂಳಪ್ಪನಿಗೆ ಅಷ್ಟೇ ಸಾಕಿತ್ತು. "ಆಕಿ ಸಾಯೂದ ಬೇಕಾಗಿರಲಿಲ್ಲ."

"ಮತ್ತ ಶುರು ಮಾಡಿದ್ಯಾ? ಇಂಜಿನ್ ಕಾದಿತ್ತಲೇ. ಒಮ್ಮೆ ಜಿಗದ ಹಡಗ ತಣ್ಣಗಾಗೂದ್ರಾಗ ಮತ್ತ ಜಿಗದ್ರ ಕರಗಿ ಹೋಗ್ತೈತಿ. ಎರಡನೇ ಭಾಗದಾಗ ಬರದೈತಿ," ಎಂದ ಸಂಗಮೇಶ.

"ಹಡಗದಾಗ ಆರುನೂರ ಮಂದಿಗೆ ಕುಡ್ಯೂ ನೀರ ಇತ್ತೋ ಇಲ್ಲೋ? ಆ ಟಾಕಿ ಇಂಜಿನ್ ಮ್ಯಾಲ ಬಿಟ್ಟಿದ್ರ? ಕಾದ ಮೋಟಾರು ನಾ ನೋಡೇನಿ, ನೀ ನೋಡಿಲ್ಲ."

"ಆಮ್ಯಾಲ ಮಂದಿ ಏನ್ ಕುಡೀಬೇಕು? ಆಕಾಶದಾಗ ನಿನ್ನ ಬೋರ್‌ವೆಲ್ ಐತೇನು?"

ಹಿರಿಯರೊಬ್ಬರು ತಿರುಗಿ ನೋಡಿದರು. ಮೂವರೂ ಮುಖ ಸಣ್ಣದು ಮಾಡಿಕೊಂಡು ಕೂತರು. ಆದರೆ ಮುಂದಿನ ಕುರ್ಚಿಯಲ್ಲಿದ್ದ ಜುಲ್ಫಿಕರ ಕುರ್ಚಿ ಸಮೇತ ಇವರ ಕಡೆಗೆ ತಿರುಗಿದ. ಮೀರಾಸಾಬನ ಅಣ್ಣನ ಮಗ, ಇಂಡಿ ಪಟ್ಟಣದಲ್ಲಿ ಉರ್ದು ಸಾಲಿ ಮಾಸ್ತರ. ಬೆಳಗಿನ ಬಸ್ಸಿಗೆ ಬಂದಿದ್ದ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಕಪ್ತಾನ ಜರೀನಾನರಿ? ಆಸ್ಮಾನೀ ಲಷ್ಕರ್‌ದ್ದು? ಆಕಿ ಎಲ್ಲಿ ಸತ್ತಳ್ರಿ?"

"ಏಳನೇ ಭಾಗದಾಗ," ಎಂದ ಧೂಳಪ್ಪ.

"ಏಳನೇದು ಎಲ್ಲಿಂದ ಬಂತ್ರಿ? ಇರೋದ ನಾಲ್ಕ ಭಾಗ. ನಾಲ್ಕನೇದರ ಕಡೀ ಹಾಳ್ಯಾಗ ಜರೀನಾನ್ನ ಕಪ್ತಾನ ಮಾಡ್ತಾರ, ಅಲ್ಲಿಗೆ ನಿಂತ ಹೋತು. ಬರಿಯಾವ್ರು ತೀರಕೊಂಡ್ರು. ಐದನೇದು ಸಿಗ್ತೈತೇನಂತ ನಾ ಹೈದರಾಬಾದದಾಗ ಒಂದಂಗಡಿ ಬಿಟ್ಟಿಲ್ಲರಿ. ಚಾಚಾಗೂ ಅವಾಗ ಹೇಳಿದ್ನಿ."

ಮೊದಲು ಅರ್ಥವಾದದ್ದು ಸಂಗಮೇಶನಿಗೆ. ಅವನು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ, ಭುಜ ಕುಣಿಯತೊಡಗಿದವು. ದೂರದಿಂದ ನೋಡಿದವರು ಪಾಪ, ಎಷ್ಟು ಅಳುತ್ತಾನೆ ಎಂದುಕೊಂಡಿರಬೇಕು.

"ಅಂದ್ರ... ಉಳದದ್ದೆಲ್ಲಾ ಅಂವ ತಾನ ಹೇಳಿದ್ದಾ?" ಅನೀಲಕುಮಾರ ತೆರೆದ ಬಾಯಿ ಮುಚ್ಚಲಿಲ್ಲ. "ಏಳು ಭಾಗ! ಏನ್ ತಲಿಯೋ ಮಾರಾಯಾ ಮೀರಾಂದು!"

ಜುಲ್ಫಿಕರನ ಕಣ್ಣು ಮತ್ತೆ ತುಂಬಿದವು. ಚಾಚಾ ಇಷ್ಟು ದೊಡ್ಡವನೆಂದು ತನಗೇ ಗೊತ್ತಿರಲಿಲ್ಲ ಎಂದ. ಸಂಗಮೇಶ, ಅನೀಲಕುಮಾರ, ಜುಲ್ಫಿಕರ ಮೂವರಿಗೂ ಸತ್ತವನ ಮೇಲೆ ಅಭಿಮಾನ ಉಕ್ಕಿ ಹರಿಯುತ್ತಿತ್ತು. ಧೂಳಪ್ಪನಿಗೆ ಮಾತ್ರ ತುಂಬಿದ ಪೆಂಡಾಲಿನಲ್ಲಿ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಗಿತ್ತು.

* * *

ಒಂಬತ್ತು ವರ್ಷದ ಹಿಂದಿನ ಮಾತು. ಆ ರವಿವಾರ ಬೆಂಚಿನ ಮೇಲೆ ಧೂಳಪ್ಪ ಒಬ್ಬನೇ. ಕೆಲವು ತಿಂಗಳಿಂದ ಹಾಗೇ ಆಗಿತ್ತು. ಸಂಗಮೇಶ, ಅನೀಲಕುಮಾರರ ಕೈಗೆ ಹೊಸ ಮೊಬೈಲು ಬಂದ ಮೇಲೆ ಮಧ್ಯಾಹ್ನವೆಲ್ಲ ಅದರಲ್ಲೇ ಮುಳುಗಿರುತ್ತಿದ್ದರು. ಧೂಳಪ್ಪ ತಪ್ಪಿಸಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡು ಬಂದಿದ್ದ.

ಅವನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡುವುದು, ಮಾತು ಮುರಿಯುವುದು ಎನ್ನುವುದರಲ್ಲೇ ವಯಸ್ಸು ದಾಟಿತ್ತು. ಅಕ್ಕ ಶೆಟ್ಟೆವ್ವ ರೊಟ್ಟಿ ಬಡಿದು ಹಾಕುತ್ತಿದ್ದಳು. ಕಪ್ತಾನ ಜರೀನಾಳಿಗೂ ತನ್ನವರು ಅಂತ ಯಾರೂ ಇರಲಿಲ್ಲ. ಅವಳದು 'ಬುಲಂದ' ಎಂಬ ಹಳೆಯ ಹಡಗು. ಅದರ ಬೋಲ್ಟು ಬೋಲ್ಟಿನ ದನಿ ಅವಳಿಗೆ ಗೊತ್ತು. ಸಿಟ್ಟು ಬಂದರೆ ಇಂಜಿನ್ ಕೋಣೆಗೆ ಇಳಿದು ಸ್ಪ್ಯಾನರು ಹಿಡಿದು ನಟ್ಟು ಬಿಗಿಯುತ್ತ ಕೂಡುತ್ತಿದ್ದಳು. ಗೆಳೆಯರು, "ನಿಮ್ಮ ಮನಿಯಾಕಿ ಹೆಂಗದಾಳೋ?" ಎಂದು ಕಾಡಿಸುತ್ತಿದ್ದರು. ಧೂಳಪ್ಪ ಬೈಯುತ್ತಿದ್ದ, ಆದರೆ ಅದು ಅವನಿಗೆ ಇಷ್ಟವಾಗುತ್ತಿತ್ತು. ಅವಳನ್ನು ಅವನು ಪ್ರೀತಿಸುತ್ತಿದ್ದ, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಮೀರಾಸಾಬ ಅವತ್ತು ಖಾಕಿ ರಟ್ಟು ಹಾಕಿದ ಪುಸ್ತಕ ತೆರೆದು, ನಡುನಡುವೆ ತಲೆಯೆತ್ತಿ ಫ್ಯಾನು ನೋಡುತ್ತ ಓದಿದ. ಯಾವುದೋ ಉರ್ದು ಶಬ್ದಕ್ಕೆ ಕನ್ನಡ ಹುಡುಕುತ್ತಿದ್ದಾನೆಂದು ಧೂಳಪ್ಪ ತಿಳಿದಿದ್ದ. ಉಳಿದ ಹಡಗುಗಳು ಪಾರಾಗಲೆಂದು ಜರೀನಾ ಒಬ್ಬಳೇ ವೈರಿಗೆ ಅಡ್ಡ ನಿಂತಳು. ಇಂಜಿನ್ ಕಾದು ಕೆಂಪಾಗಿತ್ತು. ಬುಲಂದ ಒಂದು ಬೆಳಕಾಯಿತು, ಆಮೇಲೆ ಅದೂ ಇರಲಿಲ್ಲ.

"ಮುಂದಿನ ಹಾಳಿ ನೋಡು," ಎಂದ ಧೂಳಪ್ಪ.

"ಮುಂದ ಏನೂ ಇಲ್ಲೋ."

"ಸಣ್ಣ ಹಡಗದಾಗ ಜಿಗದಿರಬೇಕು ಆಕಿ. ಛಲೋತ್ನಂಗ ನೋಡು ಮೀರಾ. ಕಾಲ ಬೀಳ್ತೇನಿ."

ಮೀರಾಸಾಬ ಪುಸ್ತಕ ಮುಚ್ಚಿದ. ಅವನ ಕಣ್ಣಲ್ಲೂ ನೀರಿತ್ತು. "ಹಂಗ ಬರದಾರ. ನಾ ಏನ್ ಮಾಡ್ಲಿ? ನಾ ಬರೇ ಓದಾಂವ."

ಆ ರಾತ್ರಿ ಧೂಳಪ್ಪ ರೊಟ್ಟಿ ಮುಟ್ಟಲಿಲ್ಲ. "ಯಾರ ಸತ್ತಾರೋ?" ಎಂದು ಅಕ್ಕ ಕೇಳಿದಳು. "ಗೊತ್ತಿದ್ದಾವ್ರು," ಎಂದು ಗೋಡೆ ಕಡೆ ಹೊರಳಿ ಮಲಗಿದ. ಮರುದಿನ ಸಂಗಮೇಶನಿಗೂ ಅನೀಲಕುಮಾರನಿಗೂ ಸುದ್ದಿ ಮುಟ್ಟಿಸಿದ. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಮುಂದಿನ ರವಿವಾರ ಇಬ್ಬರೂ ಅಂಗಡಿಗೆ ಓಡಿಬಂದರು. ಆಗ ಎದ್ದ ನೀರಿನ ಟಾಕಿಯ ಜಗಳ ಒಂಬತ್ತು ವರ್ಷ ನಡೆಯಿತು. ಬೆಂಚು ಮತ್ತೆ ಖಾಲಿಯಾಗಲಿಲ್ಲ. ವಾದದಲ್ಲಿ ಧೂಳಪ್ಪ ಗೆದ್ದಾಗಲೆಲ್ಲ ಮೀರಾಸಾಬ, "ನಿಂದ ಖರೇ ಐತಿ. ಆದ್ರ ಬರದಾರಲ್ಲ," ಎನ್ನುತ್ತಿದ್ದ.

* * *

"ಧೂಳಣ್ಣಾ, ಚಾ ಕುಡೀರಿ."

ಅಡುಗೆಮನೆಯ ಪರದೆಯ ಸಂದಿಯಿಂದ ಒಂದು ಕಪ್ಪು ಹೊರಬಂತು. ಪೀರಬಿ, ಮೀರಾಸಾಬನ ಹೆಂಡತಿ. ಪೆಂಡಾಲಿನಲ್ಲಿ ಕೂಡಲಾಗದೆ ಧೂಳಪ್ಪ ಮೋಟಾರಿನ ನೆಪ ಮಾಡಿಕೊಂಡು ಹಿತ್ತಲಿಗೆ ಬಂದಿದ್ದ. ಗಂಡ ಸತ್ತ ಹೆಂಗಸಿನ ಹತ್ತಿರ ಇಂಥದ್ದನ್ನು ಕೇಳಬಾರದು, ಅದು ಅವನಿಗೂ ಗೊತ್ತು. ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಬಿಟ್ಟ.

"ವೈನೀ, ಜರೀನಾನ್ನ ಕೊಂದಾವ್ರು ಯಾರ್ರಿ?"

ಪರದೆಯ ಆಚೆ ಬಳೆ ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು.

"ಗೊತ್ತಾತೇನ್ರಿ?" ಪೀರಬಿಯ ದನಿ ಸಣ್ಣಗಾಗಿತ್ತು. "ನಿಮಗ ಹೇಳ್ರಿ ಹೇಳ್ರಿ ಅಂತ ಎಷ್ಟ ಸಲ ಬಡಕೊಂಡ್ನಿ. ಕೇಳಲಿಲ್ಲ. ಶನಿವಾರ ಬಂದ್ರ ಊಟಕ್ಕ ಕುಂತಾಗ ನನ್ನ ಮುಂದ ಎಲ್ಲಾ ಹೇಳಿ ನೋಡ್ತಿದ್ರು. ಆಕಿನ್ನ ಕೊಂದ ಎರಡ ದಿನ ತಾವೂ ಅತ್ತಾರಣ್ಣಾ."

"ಅತ್ತರಾತೇನು? ಯಾಕ ಕೊಂದಾ?"

"ಅಂಗಡಿಗೆ ಯಾರೂ ಬರ್ತಿರಲಿಲ್ಲಲ್ರಿ ಅವಾಗ. ಒಬ್ಬರ ಸತ್ರ ಮಂದಿ ಜಗಳಕ್ಕರೆ ಬರ್ತಾರ ಅಂದ್ರು."

"ನಾ ಬರ್ತಿದ್ನೆಲ್ಲ?"

ಪೀರಬಿ ಸುಳ್ಳು ಹೇಳುವ ಹೆಂಗಸಲ್ಲ, ಅವತ್ತಂತೂ ಅವಳಿಗೆ ಆ ತ್ರಾಣವೂ ಇರಲಿಲ್ಲ. "ನಾನೂ ಅದನ್ನ ಅಂದ್ನಿ. ಧೂಳಣ್ಣನ ಜೀವ ಐತಿ ಆಕಿ ಮ್ಯಾಲ, ಬ್ಯಾರೇ ಯಾರನ್ನರೆ ಕೊಲ್ರಿ ಅಂದ್ನಿ. ಬ್ಯಾರೇದಾವ್ರು ಸತ್ರ ಸುದ್ದಿ ಊರಾಗ ಹಬ್ಬಂಗಿಲ್ಲ, ಧೂಳಪ್ಪನ ಹೊಟ್ಟಿ ಉರದ್ರ ಅಂವ ಹೋಗಿ ಎಲ್ಲಾರ್ನೂ ಎಳಕೊಂಡ ಬರ್ತಾನ ಅಂದ್ರು. ಅಂವ ಹೆಂಗೂ ಎಲ್ಲಿಗೂ ಹೋಗಂಗಿಲ್ಲ, ಏನ್ ಮಾಡಿದ್ರೂ ಬರ್ತಾನ ಅಂದ್ರು."

ಧೂಳಪ್ಪ ಚಹಾವನ್ನು ನೆಲದ ಮೇಲಿಟ್ಟ.

"ವಾಪಸ್ ತರಾವ್ರಿದ್ರಣ್ಣಾ, ನಿಮ್ಮ ನೀರಿನ ಟಾಕಿ ಉಪಾಯದ್ಲೇನ. ಈ ವರ್ಷ, ಬರೂ ವರ್ಷ ಅಂತಿದ್ರು. ಆಕಿ ಬಂದ್ಳಂದ್ರ ಜಗಳ ಮುಗೀತದ, ಬೆಂಚ್ ಮತ್ತ ಖಾಲಿ ಆಗ್ತದ ಅಂತ ಮುಂದ ಹಾಕ್ಕೋತ ಬಂದ್ರು."

ಒಳಗಿನಿಂದ ಯಾರೋ ಪೀರಬಿಯನ್ನು ಕರೆದರು. ಹೆಣಕ್ಕೆ ಬಿಳಿ ಬಟ್ಟೆ ಸುತ್ತುವುದು ಮುಗಿದಿತ್ತು, ಮನೆಯವರು ಕೊನೆಯ ಸಲ ಮುಖ ನೋಡಬೇಕಿತ್ತು. ಪರದೆ ಅಲುಗಿತು. ಧೂಳಪ್ಪನನ್ನೂ ಕರೆದರು. ಅವನು ಕೇಳಿಸಲಿಲ್ಲವೆಂಬಂತೆ ಮೋಟಾರಿನ ವೈರಿಗೆ ಟೇಪು ಸುತ್ತುತ್ತ ನಿಂತ. ಅಲ್ಲಿ ಸುತ್ತುವಂಥದ್ದು ಏನೂ ಉಳಿದಿರಲಿಲ್ಲ.

* * *

ಜನಾಜಾ ಓಣಿ ದಾಟಿ ಬಜಾರಿಗೆ ಬಂದಾಗ ಅಂಗಡಿಯವರು ಎದ್ದು ನಿಂತರು. ಮಂದಿ ಓಡೋಡಿ ಬಂದು ಹೆಗಲು ಬದಲಿಸುತ್ತಿದ್ದರು. "ಬಾರೋ, ಹೆಗಲ ಕೊಡು," ಎಂದು ಸಂಗಮೇಶ ಧೂಳಪ್ಪನ ಕೈ ಎಳೆದ.

"ಹೆಗಲ ನೋಯ್ತೈತಿ."

"ಇವತ್ತೊಂದ ದಿನ..."

"ನೋಯ್ತೈತಿ ಅಂದ್ನೆಲ್ಲ."

ಎಲ್ಲರಿಗಿಂತ ಹಿಂದೆ ನಡೆದ. ಸಿಟ್ಟು ಅನ್ನುವುದು ಸಣ್ಣ ಶಬ್ದ. ಮೂವತ್ತು ವರ್ಷ ಒಬ್ಬ ಮನುಷ್ಯನ ಬಾಯಿ ನೋಡುತ್ತ ಕೂತಿದ್ದ, ಆ ಮನುಷ್ಯ ಇವನ ಎದೆಯ ತೂಕ ನೋಡಿ ಇಟ್ಟುಕೊಂಡಿದ್ದ. ಬಿಟ್ಟು ಹೋದವರನ್ನು ಕರೆತರಲು, ತಪ್ಪದೆ ಬಂದವನ ಮನೆಗೆ ಬೆಂಕಿ ಹಚ್ಚಿದ್ದ. ಇವನು ಅವನ ಕಾಲು ಹಿಡಿಯಲು ಹೋಗಿದ್ದ, ಅವನು ಯಾರೋ ಬರೆದಿದ್ದಾರೆ ಅಂದಿದ್ದ. ಮನೆಯಲ್ಲಿ ಹೆಂಡತಿಗೂ ಗೊತ್ತಿತ್ತು. ಗೊತ್ತಿಲ್ಲದವನು ಇವನೊಬ್ಬ.

ನಮಾಜು ಮುಗಿಯುವವರೆಗೆ ಮೂವರೂ ಖಬರಸ್ತಾನದ ಬೇವಿನ ಗಿಡದ ಕೆಳಗೆ ನಿಂತರು. ಅನೀಲಕುಮಾರ ಗೆಳೆಯನ ಮುಖ ನೋಡಿ ಸಮಾಧಾನ ಮಾಡಲು ಹೊರಟ.

"ಬುಕ್ಕಿನಾಗ ಇಲ್ಲಂದ ಮ್ಯಾಲ ಆಕಿ ಸತ್ತ ಇಲ್ಲ ಬಿಡೋ ಧೂಳ್ಯಾ. ಮೂರೂ ಮಂದಿ ಕೂಡಿ ಬದುಕಿಸೂಣು. ಟಾಕಿ ನೀರ ಬಿಟ್ಟಳಂತ, ಪಾರಾದ್ಳಂತ. ಮುಗೀತಲ್ಲ?"

ಧೂಳಪ್ಪ ಕಣ್ಣು ಮುಚ್ಚಿ ನಿಜವಾಗಿಯೂ ಪ್ರಯತ್ನ ಮಾಡಿದ. ವಾಲ್ವು ತಿರುಗಿಸಿದ. ನೀರು ಬಿಟ್ಟ. ಉಗಿ ಎದ್ದಿತು, ಇಂಜಿನ್ ತಣ್ಣಗಾಯಿತು. ಎಲ್ಲ ಸರಿಯಿತ್ತು, ಆದರೆ ಜರೀನಾ ಮಾತಾಡಲಿಲ್ಲ. ಅವಳ ದನಿ ಮೀರಾಸಾಬನ ಗಂಟಲಲ್ಲಿತ್ತು. ನಿನ್ನೆಯವರೆಗೆ, ನಿನ್ನೆ ಸಂಜೆಯವರೆಗೆ, ಅವನು ಫ್ಯಾನು ನೋಡಿ ಒಂದು ಸಾಲು ಹೇಳಿದ್ದರೆ ಅವಳು ಎದ್ದು ಬರುತ್ತಿದ್ದಳು. ಒಂಬತ್ತು ವರ್ಷ ಅವಳು ಸತ್ತಿರಲೇ ಇಲ್ಲ. ಇವತ್ತು ಸತ್ತಿದ್ದಳು.

"ಆಗಂಗಿಲ್ಲ," ಎಂದ.

ಹೆಣವನ್ನು ಇಳಿಸಿದರು. ಹಲಗೆ ಮುಚ್ಚಿದರು. ಒಬ್ಬೊಬ್ಬರೇ ಮುಂದೆ ಹೋಗಿ ಮೂರು ಹಿಡಿ ಮಣ್ಣು ಕೊಟ್ಟು ಹಿಂದೆ ಸರಿದರು. ಜುಲ್ಫಿಕರ ಬಿಕ್ಕುತ್ತ ಕೊಟ್ಟ. ಸಂಗಮೇಶ ಕೊಟ್ಟ, ಅನೀಲಕುಮಾರ ಕೊಟ್ಟ. ಧೂಳಪ್ಪ ಬಗ್ಗಿ ಹಿಡಿ ತುಂಬ ಎರೆಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಬಂದ. ಕೈ ಮುಂದೆ ಚಾಚಿದ. ಹಿಂದಿದ್ದವರು ಕಾದರು. ಒಬ್ಬರು ಕೆಮ್ಮಿದರು. ಅವನು ಮಣ್ಣು ಹಿಡಿದುಕೊಂಡೇ ಪಕ್ಕಕ್ಕೆ ಸರಿದು ಗೇಟಿನ ಕಡೆ ನಡೆದ.

ಗೇಟಿನ ಹೊರಗೆ ಬ್ಯಾರೆಲ್ಲಿನಲ್ಲಿ ನೀರು ಇಟ್ಟಿದ್ದರು. ಮಂದಿ ಕೈಕಾಲು ತೊಳೆದುಕೊಂಡು ಚಪ್ಪಲಿ ಹುಡುಕುತ್ತಿದ್ದರು. ಸಂಗಮೇಶ ತಂಬಿಗೆ ತುಂಬಿ, "ಹಿಡಿ," ಎಂದ. ಧೂಳಪ್ಪ ಎಡಗೈ ಒಡ್ಡಿದ.

"ಆ ಕೈನೂ ತಾರೋ."

ಧೂಳಪ್ಪ ಬಲಗೈ ತಂದ, ಮುಷ್ಟಿ ಬಿಚ್ಚಲಿಲ್ಲ. ಸಂಗಮೇಶ ಅದರ ಮೇಲೇ ನೀರು ಹೊಯ್ದ. ಬೆರಳ ಸಂದಿಯಿಂದ ಮಣ್ಣು ಕರಗಿ ಕರಿಯ ನೀರಾಗಿ ಕಾಲ ಮೇಲೆ ಸುರಿಯತೊಡಗಿತು. ಧೂಳಪ್ಪ ಮುಷ್ಟಿಯನ್ನು ಇನ್ನೂ ಬಿಗಿ ಹಿಡಿದ.