ಎಂಟರ ಕೊಂಡಿ

ನಂಬರ್ ಬರೆಯುವ ಕೆಲಸದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು. ಆದರೂ ಜಕ್ಕೂರಿನ ಅಪಾರ್ಟ್‌ಮೆಂಟೊಂದರ ಸೆಕ್ರೆಟರಿ ಸೇತುರಾಮ ಹೇಳಿಯೇಬಿಟ್ಟರು.

"ಬಾಲರಾಜ್, ಪಾರ್ಕಿಂಗ್ ನಂಬರ್ ತುಂಡುತುಂಡಾಗಿ ಕಾಣುತ್ತೆ ಕಣ್ರೀ. ಮಧ್ಯೆ ಗ್ಯಾಪ್ ಯಾಕೆ?"

"ಸ್ಟೆನ್ಸಿಲ್ ಸಾರ್, ಹಾಳೇಲಿ ಅಂಕಿ ಕತ್ತರಿಸಿ ಆ ತೂತಿಗೆ ಬಣ್ಣ ಒತ್ತೋದು. ಎಂಟಕ್ಕೆ ಹೊಟ್ಟೆ ಎರಡು. ಅದನ್ನ ಹಿಡ್ಕೊಳ್ಳೋಕೆ ಒಂದು ಪಟ್ಟಿ, ಕೊಂಡಿ, ಬಿಡ್ದೆ ಕತ್ತರಿಸಿದ್ರೆ ಹೊಟ್ಟೆ ಬಿದ್ದೋಗುತ್ತೆ."

"ಹಂಗಾದ್ರೆ ಕೊಂಡಿ ಸಣ್ಣಕ್ಕೆ ಬಿಡಿ, ದಾರದ ಥರ."

ಮೈಯೆಲ್ಲ ಉರಿಯಿತು. ಮನೆಗೆ ಹೋದವನೇ ಹಟಕ್ಕೆ ಬಿದ್ದು, ಬೆರಳಗಲ ಕೊಂಡಿ ಬಿಟ್ಟು ಹೊಸ ಎಂಟು ಕತ್ತರಿಸಿದೆ. ನಾವು ಸ್ಟೆನ್ಸಿಲ್ ಮಾಡುವುದು ಹಳೇ ಎಕ್ಸ್‌ರೇ ಹಾಳೆಯಲ್ಲಿ. ಅದು ಹರಿಯುವುದಿಲ್ಲ, ನೆನೆಯುವುದಿಲ್ಲ. ಬೀರು ಮೇಲೊಂದು ಕವರ್ ಸಿಕ್ಕಿತು. ಯಾರದೆಂದು ನೋಡಲಿಲ್ಲ, ಮುಠ್ಠಾಳ ನಾನು.

ನಾಲ್ಕು ದಿನ ಬಿಟ್ಟು, ಬೇಸ್‌ಮೆಂಟಿನಲ್ಲಿ ಅದೇ ಎಂಟಕ್ಕೆ ಹಳದಿ ಬಣ್ಣ ಒತ್ತಿ ಏಳುವಷ್ಟರಲ್ಲಿ ಹೆಂಡತಿ ಸರಳಾಳ ಫೋನ್. ಕೆಮ್ಮೆಂದು ಯಲಹಂಕದ ಆಸ್ಪತ್ರೆಗೆ ಹೋಗಿದ್ದಳು.

"ರೀ, ಬೀರು ಮೇಲೆ ನನ್ನ ಎಕ್ಸ್‌ರೇ ಇದೆ, ಎರಡು ವರ್ಷದ್ದು. ಬೇಗ ತನ್ನಿ. ಎದೇಲಿ ಏನೋ ಚುಕ್ಕೆ ಅಂತಿದ್ದಾರೆ. ಆಗ್ಲೂ ಇದ್ರೆ ಹಳೇ ಕಲೆಯಂತೆ, ಭಯ ಇಲ್ವಂತೆ. ಇಲ್ದಿದ್ರೆ ಸೂಜಿ ಹಾಕಿ ತೆಗ್ದು ಟೆಸ್ಟ್ ಮಾಡ್ಬೇಕಂತೆ."

"ತೆಗೆದ ಲ್ಯಾಬಲ್ಲಿ ಕೇಳು."

"ಅದು ಮುಚ್ಚೋಗಿ ವರ್ಷ ಆಯ್ತಲ್ರೀ! ಯಾಕೆ, ಅಲ್ಲಿಲ್ವಾ?"

ಅಯ್ಯೋ ದೇವರೇ. ಅದು ನನ್ನ ಕೈಯಲ್ಲೇ ಇತ್ತು, ನಡುವೆ ಎಂಟು ತೂತಾಗಿ.

ಆಟೋ ಹತ್ತಿದೆ. ಬಣ್ಣ ಕರಗಿಸುವ ಥಿನ್ನರ್ ಹಾಕಿದರೆ ಬಣ್ಣದ ಜೊತೆ ಚಿತ್ರವೂ ಹೋಗುತ್ತದೆಂಬ ಭಯ. ಹಸಿ ಬಣ್ಣವನ್ನು ಅಂಗಿಯಿಂದ ಒರೆಸಿ, ಒಣಗಿದ್ದನ್ನು ಉಗುರಿನಿಂದ ಚಕ್ಕೆಚಕ್ಕೆಯಾಗಿ ಎಬ್ಬಿಸಿದೆ. ಬೆಳಕಿಗೆ ಹಿಡಿದರೆ ಪಕ್ಕೆಲುಬು ಕಾಣುತ್ತವೆ, ಬೇರೇನೂ ಅರ್ಥವಾಗುವುದಿಲ್ಲ. ಕತ್ತರಿಸಿದ ಚೂರುಗಳು ಅವತ್ತೇ ಕಸದ ಗಾಡಿಗೆ ಹೋಗಿದ್ದವು. ಚುಕ್ಕೆ ಅವುಗಳಲ್ಲಿದ್ದರೆ?

ಡಾಕ್ಟರ್ ಹಾಳೆ ನೋಡಿದರು, ನನ್ನ ಹಳದಿ ಅಂಗಿ ನೋಡಿದರು.

"ಏನ್ರೀ ಇದು?"

"ನಾನೇ ಸಾರ್, ಗೊತ್ತಿಲ್ದೆ..."

ಸರಳಾ ಹಾಳೆಯನ್ನೇ ನೋಡುತ್ತಿದ್ದಳು.

ಹೊಸದನ್ನೂ ಹಳೆಯದನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಡಾಕ್ಟರ್ ತುಂಬಾ ಹೊತ್ತು ನೋಡಿದರು. ಆಮೇಲೆ ಎಂಟರ ಮೇಲಿನ ಹೊಟ್ಟೆಯನ್ನು ಹಿಡಿದಿದ್ದ ಕೊಂಡಿಯ ಮೇಲೆ ಪೆನ್ ಇಟ್ಟರು. ಕಡಲೆಕಾಳಿನಷ್ಟು ಬಿಳಿ.

"ಇಲ್ಲೇ ಇದೆ. ಆಗ ಎಷ್ಟಿತ್ತೋ ಈಗ್ಲೂ ಅಷ್ಟೇ. ಹಳೇ ಕಲೆ. ಈ ಪಟ್ಟಿ ಸ್ವಲ್ಪ ಸಣ್ಣ ಇದ್ದಿದ್ರೆ ನನಗೇನೂ ಸಿಕ್ತಿರ್ಲಿಲ್ಲ."

ಸರಳಾ ನನ್ನತ್ತ ತಿರುಗಿದಳು. "ಇನ್ಮೇಲೆ ನನ್ನ ಎದೆಗೆ ಬ್ಲೇಡ್ ಹಾಕೋ ಮುಂಚೆ ಒಂದ್ ಮಾತು ಕೇಳಿ."

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಸೇತುರಾಮ.

"ಏನ್ರೀ ಬಾಲರಾಜ್, ಗ್ಯಾಪ್ ಇನ್ನೂ ದಪ್ಪ ಮಾಡಿದ್ದೀರಲ್ರೀ!"

ಫೋನ್ ಕಿವಿಗಿಟ್ಟುಕೊಂಡೇ, ಡಾಕ್ಟರ್ ಎದುರೇ ಗೊಳೋ ಎಂದು ಅತ್ತುಬಿಟ್ಟೆ.